ಎಲ್ಲರಿಗೂ ಅಪ್ಪಣೆ

ಗುಂಡ್ಲುಪೇಟೆಯ ನಮ್ಮ ಕಂಪ್ಯೂಟರ್ ಮೇಷ್ಟ್ರು, ಯಂತ್ರ ಮೊಂಡು ಹಿಡಿದಾಗಲೆಲ್ಲ ಅಂಗೈ ಉಜ್ಜಿಕೊಂಡು ನಗುತ್ತಿದ್ದರು. "ಕೆಟ್ಟಿಲ್ಲ ಕಣ್ರಪ್ಪಾ, ಅಪ್ಪಣೆ ಕೇಳ್ತದೆ ಅಷ್ಟೇಯಾ" ಎನ್ನುವುದು ಅವರ ಮಾತು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ ತಂತ್ರಾಂಶ ಹಾಕಿದ ಮೇಲಂತೂ ಆ ನಗು ದಿನಾ ಇತ್ತು.

ಆಯುಧಪೂಜೆಗೆ ಕಂಪ್ಯೂಟರೇ ಮಂಗಳಾರತಿ ಹಾಡುತ್ತದೆಂದು ಅವರು ಬೀದಿಗೆಲ್ಲ ಸಾರಿಬಿಟ್ಟರು. ಕುಂಕುಮ ಹಚ್ಚಿದ ಯಂತ್ರದ ಮುಂದೆ ಜನ ನೆರೆದರು, ಕರ್ಪೂರ ಹತ್ತಿತು, ಸ್ಪೀಕರ್ ಮಾತ್ರ ಉಸಿರೆತ್ತಲಿಲ್ಲ.

"ಪುಗ್ಸಟ್ಟೆ ಬಂದದ್ದು ಹಾಡ್ತದಾ ಮೇಷ್ಟ್ರೇ?" ಎಂದರು ಎದುರಂಗಡಿಯ ಹೂವಿನಮ್ಮ.

"ಹಾಡ್ತದೆ ಕಣವ್ವಾ. ಇದ್ರಾಗೆ ಸ್ಪೀಕರ್ ಮುಟ್ಟಾಕೆ 'ಯಜಮಾನ' ಅನ್ನೋ ಖಾತೆಗೆ ಮಾತ್ರ ಅಪ್ಪಣೆ ಅದೆ. ಈಗ ಎಲ್ಲಾರ್ಗೂ ಕೊಟ್ಬುಡ್ತೀನಿ" ಎಂದು ಮೇಷ್ಟ್ರು ಕೀಬೋರ್ಡಿನಲ್ಲಿ ಒಂದು ಸಾಲು ಕುಟ್ಟಿದರು.

ಹಾಡು ಬಂತು. ಹೂವಿನಮ್ಮ ಕೈಮುಗಿದರು. ಹಾಡು ಮುಗಿದು ಎಲ್ಲರೂ ಕಣ್ಣು ಮುಚ್ಚಿದ್ದಾಗ ಅದೇ ಸ್ಪೀಕರಿನಿಂದ ನಾಯಿಯೊಂದು ಬೊಗಳಿತು. ಅದೇ ಯಂತ್ರಕ್ಕೆ ತಂತಿ ಎಳೆದಿದ್ದ ಒಳಕೋಣೆಯ ಕೀಬೋರ್ಡಿನ ಮುಂದೆ ನಮ್ಮ ತರಗತಿಯ ಹುಡುಗಿಯೊಬ್ಬಳು, ನಾಯಿಯ ಸದ್ದು ಹಾಕಿದವಳು, ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಳು.

ಮೇಷ್ಟ್ರು ಆರತಿ ತಟ್ಟೆ ಹಿಡಿದೇ ಬಿದ್ದು ಬಿದ್ದು ನಕ್ಕರು. "ಎಲ್ಲಾರ್ಗೂ ಅಂದ್ಮೇಲೆ ನಾಯಿಗೂ ಸೇರ್ತು ಕಣಮ್ಮಿ!" ಎಂದು ಮೊದಲ ಮಂಗಳಾರತಿಯನ್ನು ಅವಳಿಗೇ ಕೊಟ್ಟರು.