ಕೋದಂಡಪ್ಪನ ಆರು ಹಲ್ಲು

ಕೋದಂಡಪ್ಪನಿಗೆ ಎಂಟು ವಾರದ ಕೂಲಿ ಬರಬೇಕು. ಆರು ಹಲ್ಲಿನ ಪರಿಹಾರವೂ ಬರಬೇಕು. ಇವತ್ತಿನವರೆಗೆ ಎರಡೂ ಬಂದಿಲ್ಲ.

ಅವನದು ಬೇತಮಂಗಲದ ಕಡೆಯ ಹಳ್ಳಿ. 1951ರಲ್ಲಿ ಊರಿಗಾಂಗೆ ಬಂದು, ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಚಿನ್ನದ ಗಣಿಗೆ ಇಳಿದ. ಬಂಡೆಗೆ ಮದ್ದಿಟ್ಟು ಸಿಡಿಸುವ ತಂಡದಲ್ಲಿ ಕೆಲಸ. ಮದ್ದಿಗೆ ಕಿಡಿ ಮುಟ್ಟಿಸುವುದು ಕ್ಯಾಪು ಎನ್ನುವ ಸಣ್ಣ ಲೋಹದ ಕೊಳವೆ. ಅದರ ಬಾಯಿಗೆ ಬತ್ತಿ ತೂರಿಸಿ, ಜಾರದಂತೆ ಸುತ್ತಲೂ ಅದುಮಬೇಕು. ಅದುಮುವುದಕ್ಕೆ ಇಕ್ಕಳ ಅಂತ ಇದೆ. ಯಾಕೆಂದರೆ ಕ್ಯಾಪಿನ ತಳದಲ್ಲಿರುವ ಪುಡಿಗೆ ಪೆಟ್ಟು ಬಿದ್ದರೆ ಕೈಯೋ ದವಡೆಯೋ ಹಾರಿಹೋಗುತ್ತದೆ.

ಕೋದಂಡಪ್ಪನ ಪಾಳಿಯಲ್ಲಿ ಹನ್ನೊಂದು ಜನ. ಇಕ್ಕಳ ಒಂದೇ. ಅದೂ ಮೇಸ್ತ್ರಿ ಚಿಕ್ಕವೆಂಕಟಪ್ಪನ ಸೊಂಟದ ಬೆಲ್ಟಿನಲ್ಲಿ. ಆದರೆ ಗಣಿಗೆ ಇಳಿಯುವ ಮುಂಚೆ ಹನ್ನೊಂದು ಜನರೂ 'ಇಕ್ಕಳ ಪಡೆದಿದ್ದೇನೆ' ಎಂದು ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಕೆಳಗೆ ಹೋಗಿ ಇಕ್ಕಳ ಕೇಳಿದರೆ ಮೇಸ್ತ್ರಿ ಬಯ್ಯುತ್ತಿದ್ದ. "ಸೀಕ್ರಂ, ಸೀಕ್ರಂ" ಎಂದು ತಮಿಳಿನಲ್ಲಿ ಅವಸರ ಮಾಡುತ್ತಿದ್ದ. ಎಲ್ಲರೂ ಹಲ್ಲಿನಿಂದಲೇ ಕಚ್ಚಿ ಕ್ಯಾಪು ಅದುಮುತ್ತಿದ್ದರು.

ಕೋದಂಡಪ್ಪ ಇದರಲ್ಲಿ ಪಳಗಿಬಿಟ್ಟ. ಅವನು ಕಚ್ಚಿದ ಕ್ಯಾಪಿನಿಂದ ಒಂದು ದಿನವೂ ಬತ್ತಿ ಜಾರಲಿಲ್ಲ. ಹೊಸಬರು ಬಂದರೆ ಮೇಸ್ತ್ರಿ ಇವನ ಹತ್ತಿರವೇ ಕಳಿಸುತ್ತಿದ್ದ.

"ಕಬ್ಬು ಸೀಳ್ದಂಗೆ ಸೀಳ್ಬೇಡ ಕಣ್ಲಾ," ಎನ್ನುತ್ತಿದ್ದ ಇವನು. "ನಿನ್ ತಲೆ ಇಲ್ಲೇ ಉಳ್ಕೊಂಡು ಮೈ ಮಾತ್ರ ಮೇಲಕ್ಕೋಗ್ತದೆ."

ಎಲ್ಲರೂ ನಗುತ್ತಿದ್ದರು. ನಗುವ ಬಾಯಿಗಳಲ್ಲೆಲ್ಲ ಮೇಲಿನ ಮುಂದಿನ ಹಲ್ಲಿಗೆ ಅಕ್ಕಿಕಾಳಿನಷ್ಟು ಕಚ್ಚು ಬಿದ್ದಿರುತ್ತಿತ್ತು. ಕೋದಂಡಪ್ಪನ ಹಲ್ಲಿನಲ್ಲಿ ಆ ಕಚ್ಚಿನಿಂದ ಒಂದು ಸೀಳು ಮೇಲಕ್ಕೆ, ಬೇರಿನ ಕಡೆಗೆ ಏರಿತು. ಕೆಲವು ತಿಂಗಳು ತಣ್ಣೀರು ತಾಕಿದರೆ ಪ್ರಾಣ ಹೋಗುವಂಥ ನೋವು. 1961ರಲ್ಲಿ ನೋವು ನಿಂತು ಹಲ್ಲು ಕಪ್ಪಾಯಿತು. ವಾಸಿಯಾಯಿತು ಅಂದುಕೊಂಡ. ಒಳಗಿನ ನರ ಸತ್ತುಹೋಗಿತ್ತು, ಅಷ್ಟೆ.

ಎರಡು ವರ್ಷದ ಮೇಲೆ ಮುಖ ಊದಿತು. ಹೆಂಡತಿ ಅಕ್ಕಯ್ಯಮ್ಮ ಲವಂಗ ಇಟ್ಟಳು. ರಾಗಿಹಿಟ್ಟು ಬಿಸಿಮಾಡಿ, ಬಟ್ಟೆಯಲ್ಲಿ ಕಟ್ಟಿ ಕೆನ್ನೆಗೆ ಒತ್ತಿದಳು. ಬಾವು ಇನ್ನೂ ಏರಿ ಕಣ್ಣು ಮುಚ್ಚಿಕೊಂಡಿತು. ಕೊನೆಗೆ ರಾಬರ್ಟ್‌ಸನ್‌ಪೇಟೆಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಬಾಯಿ ತೆರೆಸಿ ನೋಡಿದರು. "ಏನಪ್ಪಾ ಕಚ್ಚುತ್ತೀಯ? ಈ ತಿಂಗಳು ಇದೇ ಜಾಗದಲ್ಲಿ ಕಚ್ಚು ಬಿದ್ದ ಮೂರನೇ ಬಾಯಿ ನಿನ್ನದು."

ನಿಜ ಹೇಳಿದರೆ ಕೆಲಸ ಹೋಗುತ್ತದೆಂಬ ಭಯ. "ಕಬ್ಬು, ಸಾಮಿ" ಎಂದ.

"ಕಬ್ಬಿನ ಗದ್ದೆಯಲ್ಲೇ ಮಲಗುತ್ತೀಯೇನು?" ಎಂದ ಡಾಕ್ಟರು ಚೀಟಿಯಲ್ಲಿ ಕಬ್ಬು ಅಂತಲೇ ಬರೆದರು. ಮೊದಲೇ ಬಂದಿದ್ದರೆ ಸತ್ತ ನರ ತೆಗೆದು, ತುಂಬಿಸಿ, ಹಲ್ಲು ಉಳಿಸಬಹುದಿತ್ತಂತೆ. ಈಗ ಕೀವು ದವಡೆಯ ಮೂಳೆಗೆ ಇಳಿದಿತ್ತು. ನಾಲ್ಕು ಹಲ್ಲು ಕಿತ್ತು ಮೂಳೆ ಕೆರೆದರು. ಕೀವು ನಿಲ್ಲಲಿಲ್ಲ. ಮೂರು ವಾರ ಬಿಟ್ಟು ಇನ್ನೆರಡು ಕಿತ್ತರು. ಮೇಲ್ದುಟಿ ಒಳಕ್ಕೆ ಕುಸಿಯಿತು. ಮಾತನಾಡಿದರೆ ಉಗುಳು ಹಾರುತ್ತಿತ್ತು. ಎಂಟು ವಾರ ಗಂಜಿಯಲ್ಲೇ ಕಳೆದ.

ವಾಪಸು ಹೋದಾಗ ಕೆಲಸ ಇರಲಿಲ್ಲ. ಡಾಕ್ಟರ ಚೀಟಿ ಕೊಟ್ಟು, ಮಲಗಿದ್ದ ದಿನಗಳ ಕೂಲಿ ಕೇಳಿದ. ಕಂಟ್ರಾಕ್ಟರ್ ಎಲ್ಲರೆದುರು ನಕ್ಕ. "ಮುದ್ದೆ ನುಂಗೋನಿಗೆ ಹಲ್ಲು ಯಾಕ್ಲಾ? ದೇವರು ನಿಂಗೆ ದಂಡಕ್ಕೆ ಕೊಟ್ಟಿದ್ದ."

ಅಕ್ಕಯ್ಯಮ್ಮ ಗಂಡನನ್ನು ಎಳೆದುಕೊಂಡು ನಮ್ಮ ಕಾರ್ಮಿಕ ಸಂಘದ ಕೋಣೆಗೆ ಬಂದಳು. "ಅಣ್ಣಾ, ಇವ್ನು ನಾಚ್ಕೊಂಡೇ ಸಾಯ್ತಾನೆ. ನೀನ್ ಬರಿ. ಕಬ್ಬಲ್ಲ, ಕ್ಯಾಪು ಅಂತ ಬರಿ." ನಾನು ದೂರು ಬರೆದೆ.

1964ರಲ್ಲಿ ಕಂಟ್ರಾಕ್ಟರನ ಆಫೀಸಿನಲ್ಲೇ ವಿಚಾರಣೆ ನಡೆಯಿತು. ಲೇಬರ್ ಆಫೀಸರು ಕುರ್ಚಿಯಲ್ಲಿ, ನಾವು ನಿಂತು. ಮೇಸ್ತ್ರಿ ಹೆಬ್ಬೆಟ್ಟಿನ ಪುಸ್ತಕ ತಂದಿಟ್ಟ. ಕಂಟ್ರಾಕ್ಟರ್ ಡಾಕ್ಟರ ಚೀಟಿ ಎತ್ತಿ ತೋರಿಸಿದ.

"ಇದರಲ್ಲಿ ಕಬ್ಬು ಅಂತಿದೆ, ಸಾರ್. ಹಲ್ಲಲ್ಲಿ ಯಾರಾದರೂ ಕ್ಯಾಪು ಕಚ್ಚುತ್ತಾರಾ? ಇವನು ಸುಳ್ಳ."

"ನಾನ್ ಸುಳ್ಳ ಅಲ್ಲ, ಸಾಮಿ," ಎಂದ ಕೋದಂಡಪ್ಪ.

"ಹಾಗಾದರೆ ತೋರಿಸು," ಎಂದ ಕಂಟ್ರಾಕ್ಟರ್. ಮೇಜಿನ ಮೇಲೆ ಒಂದು ಖಾಲಿ ಕ್ಯಾಪು, ಒಂದು ತುಂಡು ಬತ್ತಿ ಬಂದು ಬಿತ್ತು.

ನಾನು ಅವನ ಪಂಚೆ ಜಗ್ಗಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಬತ್ತಿ ತೂರಿಸಿ, ಎಡಗಡೆ ಉಳಿದಿದ್ದ ಹಲ್ಲುಗಳ ನಡುವೆ ಇಟ್ಟು, ಮೆಲ್ಲಗೆ ತಿರುಗಿಸುತ್ತ ಕಚ್ಚಿದ. ಹನ್ನೆರಡು ವರ್ಷದ ಕೆಲಸ ಅದು. ಸುತ್ತಲೂ ಒಂದೇ ಸಮನಾದ ಗುರುತು. ಕಂಟ್ರಾಕ್ಟರ್ ಬತ್ತಿ ಹಿಡಿದು ಎಳೆದ. ಬರಲಿಲ್ಲ. ಆಫೀಸರು ಎಳೆದರು. ಬರಲಿಲ್ಲ. ಕೋದಂಡಪ್ಪ ಆ ಬೋಳು ಬಾಯಲ್ಲಿ ನಕ್ಕ. ಎಷ್ಟೋ ತಿಂಗಳಿಂದ ಅವನು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಒಪ್ಪಿದೆ, ಸಾರ್," ಎಂದ ಕಂಟ್ರಾಕ್ಟರ್. "ಇಕ್ಕಳಕ್ಕಿಂತ ಚೆನ್ನಾಗಿದೆ. ಇಷ್ಟು ಪಳಗಿದವನು ಇಕ್ಕಳ ಮುಟ್ಟುತ್ತಾನಾ, ನೀವೇ ಹೇಳಿ. ಕೊಟ್ಟಿದ್ದನ್ನು ಪಕ್ಕಕ್ಕಿಟ್ಟು ಚಟಕ್ಕೆ ಕಚ್ಚಿದ್ದಾನೆ."

"ಇಕ್ಕಳ ಮೇಸ್ತ್ರಿ ಬೆಲ್ಟಲ್ಲೇ ಇರ್ತಿತ್ತು, ಸಾಮಿ!"

"ಹೆಬ್ಬೆಟ್ಟು ಯಾರದಪ್ಪಾ?" ಎಂದು ಕೇಳಿದರು ಆಫೀಸರು. ಇಕ್ಕಳ ಕೊಡಲಾಗಿದೆ, ಕಾರ್ಮಿಕನದೇ ತಪ್ಪು ಎಂದು ಬರೆದು ಪುಸ್ತಕ ಮುಚ್ಚಿದರು.

ಈಗ ಕೋದಂಡಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗೂಡ್ಸ್ ಮೂಟೆ ಇಳಿಸುತ್ತಾನೆ. ದವಡೆ ಇನ್ನೂ ಒಸರುತ್ತದೆ. ಬಾಯಿಗೆ ಟವೆಲು ಕಟ್ಟಿಕೊಂಡೇ ಮೂಟೆ ಹೊರುತ್ತಾನೆ. ನಾವು ಮೇಲ್ಮನವಿ ಹಾಕಿದ್ದೇವೆ. ಬರುವ ತಿಂಗಳ ಮೊದಲ ಸೋಮವಾರ ಬಂಗಾರಪೇಟೆಯಲ್ಲಿ ಮರುವಿಚಾರಣೆ. ಹನ್ನೊಂದು ಜನರಿಗೂ ಇಕ್ಕಳ ಕೊಡಲಾಗಿತ್ತೆಂದು ಆ ಪುಸ್ತಕ ಹೇಳುತ್ತದೆ. ಕೊಟ್ಟಿರಲಿಲ್ಲ ಎನ್ನಲು ನಮ್ಮ ಹತ್ತಿರ ಇರುವುದು ಒಬ್ಬನ ಬಾಯಿ, ಅದೂ ಖಾಲಿ. ಮಿಕ್ಕ ಹತ್ತು ಜನ ಕೆಲಸ ಹೋದೀತೆಂದು ಹೆದರಿ ಮನೆಯಲ್ಲಿ ಕೂತಿದ್ದಾರೆ. ಆ ಹತ್ತು ಬಾಯಲ್ಲೂ ಅದೇ ಜಾಗದಲ್ಲಿ ಅದೇ ಕಚ್ಚು ಇದೆ.

ನೀವು ಆ ಹತ್ತು ಜನರಲ್ಲಿ ಒಬ್ಬರಾಗಿದ್ದರೆ ಸೋಮವಾರ ಬನ್ನಿ. ಮಾತಾಡುವುದು ಬೇಡ. ಆಫೀಸರ ಎದುರು ನಿಂತು ಹಲ್ಲು ತೋರಿಸಿ. ಅವರಲ್ಲಿ ಒಬ್ಬನ ಮನೆ ನಿಮಗೆ ಗೊತ್ತಿದ್ದರೆ, ಇವತ್ತೇ ಹೋಗಿ ಅವನನ್ನು ಕರೆದುಕೊಂಡು ಬನ್ನಿ.