ಅಡ್ಮಿನ್ ಯಮನೂರನ ಬೆನ್ನು

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವರಿಗೆ ಎರಡೇ ಕೆಲಸ. ಒಂದು, ಕೆರೂರ ಕಡೆಗೆ ಕತ್ತು ಚಾಚಿ ನೋಡುವುದು. ಇನ್ನೊಂದು, ಯಮನೂರನನ್ನು ಬೈಯುವುದು. ಬಸ್ಸು ಬಾರದೇ ಇರುವುದಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ. ಅವನದು ಕ್ರಾಸಿನಲ್ಲಿ ಒಂದು ಆನ್‌ಲೈನ್ ಸೆಂಟರ್. ಪಹಣಿ ತೆಗೆದುಕೊಡುತ್ತಾನೆ, ಆಧಾರ್ ಕಾರ್ಡಿಗೆ ಪ್ಲಾಸ್ಟಿಕ್ ಹೊದಿಸುತ್ತಾನೆ, ಪಾಸ್‌ಪೋರ್ಟ್ ಸೈಜ್ ಫೋಟೋ ಹೊಡೆದು ನಮಗೇ ನಮ್ಮ ಗುರುತು ಸಿಗದ ಹಾಗೆ ಚೆಂದ ಮಾಡಿಕೊಡುತ್ತಾನೆ. ಬೈಸಿಕೊಳ್ಳಲು ಕಾರಣ ಬೇರೆ. ಕ್ರಾಸಿನ ವಾಟ್ಸಾಪ್ ಗುಂಪಿಗೆ ಅವನು ಅಡ್ಮಿನ್.

ನಾನು ಬಾದಾಮಿಯವಳು, ಪ್ರೈಮರಿ ಶಾಲೆಯ ಟೀಚರು. ದಿನಾ ಈ ಕ್ರಾಸಿನಲ್ಲಿ ಬಸ್ಸು ಬದಲಿಸಿ ಶಾಲೆಗೆ ಹೋಗುತ್ತೇನೆ. ಆದ್ದರಿಂದ ಯಮನೂರನ ಏಳುಬೀಳನ್ನೆಲ್ಲ ಚೀಲ ಹೆಗಲಿಗೆ ಹಾಕಿಕೊಂಡು ನಿಂತಲ್ಲೇ ನೋಡಿದ್ದೇನೆ. ಹೇಳುವಾಗ ನಡುವೆ ಸಿಟ್ಟು ಬಂದರೆ ಅದು ನನ್ನ ಸ್ವಭಾವ, ತಪ್ಪು ತಿಳಿಯಬೇಡಿ.

ಅವನ ಅವ್ವ ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಹೆತ್ತ ಮಗ ಅವನು. ನಮ್ಮ ಕಡೆ ಹಿಂದೂಗಳೂ ಮುಸಲ್ಮಾನರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ, ಆ ಹೆಸರನ್ನೇ ಮಕ್ಕಳಿಗೂ ಇಡುತ್ತಾರೆ. ಬಹುಶಃ ಅದಕ್ಕೇ ಇರಬೇಕು, ಅವನಿಗೆ ಯಾರನ್ನೂ ಬಿಟ್ಟುಕೊಡಲು ಬರುತ್ತಿರಲಿಲ್ಲ. ಯಾರು ಬಂದು ಏನು ಕೇಳಿದರೂ "ಹೂಂನ್ರಿ" ಅನ್ನುವ ಬಾಯಿ ಅವನದು.

ಅವನ ಅಂಗಡಿಗೆ ಎದುರಾಗಿ, ರಸ್ತೆಯ ಆಚೆ, ಖಾದರಬಾಷಾನ ಪಂಚರ್ ಅಂಗಡಿ. ಇಬ್ಬರೂ ಒಂದೇ ಸಾಲಿಯಲ್ಲಿ ಕಲಿತವರು, ಒಂದೇ ಮಾಸ್ತರರ ಕೈಯಲ್ಲಿ ಏಟು ತಿಂದವರು. ಮೊಹರಮ್ಮಿನಲ್ಲಿ ಇಬ್ಬರೂ ಕೂಡಿ ಹೆಜ್ಜೆ ಕುಣಿಯುತ್ತಿದ್ದರು. ಯಮನೂರನ ಅವ್ವ ತೀರಿಕೊಂಡಾಗ ಹೂಳುವ ಕುಣಿ ತೋಡಲು ಮೊದಲು ಸಲಿಕೆ ಹಿಡಿದವನು ಬಾಷಾ. ದಿನಾ ಮುಂಜಾನೆ ಅವರಿಬ್ಬರಿಗೆ ಒಂದೇ ಬೈಟು ಚಹಾ ಬರುತ್ತಿತ್ತು. ಒಬ್ಬನೇ ಒಂದು ಕಪ್ಪು ಕುಡಿದರೆ ಹೊಟ್ಟೆ ಕೆಡುತ್ತದೆ ಅನ್ನುವ ಹಾಗೆ ಇಷ್ಟು ವರ್ಷ ಅರ್ಧರ್ಧವೇ ಕುಡಿದರು.

ವಾಟ್ಸಾಪ್ ಗುಂಪು ಶುರುವಾದದ್ದೂ ಈ ಇಬ್ಬರಿಂದಲೇ. ಬಾಷಾನಿಗೆ ಪಂಚರ್ ಅಂಗಡಿಯಲ್ಲಿ ಕೂತು ಬರುವ ಹೋಗುವ ಬಸ್ಸು ನೋಡುವ ಚಟ. ಅವನು ಕೂಗಿ ಹೇಳಿದ್ದನ್ನು ಯಮನೂರ ನಮ್ಮಂಥ ದಿನಾ ಓಡಾಡುವವರಿಗೆ ಟೈಪ್ ಮಾಡಿ ಕಳಿಸುತ್ತಿದ್ದ. ಆಮೇಲೆ ಬಾಷಾ ತಾನೇ ವಾಯ್ಸ್ ಹಾಕಲು ಕಲಿತ. "ಏ ಬರ್ರಿ ಬರ್ರಿ, ಬಾಗಲಕೋಟಿ ಗಾಡಿ ಬಂತ. ಡ್ರೈವರಗ ಚಾ ಕುಡಸಾಕತ್ತೇನಿ, ಐದ ಮಿನಿಟ ಹಿಡಿತೇನಿ. ಓಡಿ ಬರಬ್ಯಾಡ್ರಿ, ಬೀಳ್ತೀರಿ." ಹಿಂದೆ ಗಾಳಿ ತುಂಬುವ ಯಂತ್ರದ ಸದ್ದು, ನಡುವೆ ಅವನ ಕೆಮ್ಮು. ಅವನು ಹೇಳಿದ ಬಸ್ಸುಗಳಲ್ಲಿ ಅರ್ಧ ಬೇರೆ ಊರಿನವು. ಒಮ್ಮೆ ಬಾಗಲಕೋಟೆಯದೆಂದು ಹೇಳಿ ನನ್ನನ್ನು ನರಗುಂದದ ಬಸ್ಸಿಗೆ ಹತ್ತಿಸಿದ್ದ. ಆದರೂ ಮುಂಜಾನೆ ಆ ದನಿ ಕೇಳದಿದ್ದರೆ ಮನೆಯಿಂದ ಹೊರಡಲು ಮನಸ್ಸೇ ಬರುತ್ತಿರಲಿಲ್ಲ.

ಒಳ್ಳೆಯದು ಎಲ್ಲಿದ್ದರೂ ನಮ್ಮ ಜನ ಹೋಗಿ ಕೂತು ಕೆಡಿಸುತ್ತಾರೆ. ಗುಂಪಿಗೆ ಕೆರೂರಿನವರು ಬಂದರು, ಬಾಗಲಕೋಟೆಯವರು ಬಂದರು. ಅಮೀನಗಡದಿಂದ ಕರದಂಟಿನ ಅಂಗಡಿಯವರೂ, ಹುನಗುಂದದಿಂದ ಸೈಟು ಮಾರುವವರೂ, ಇಳಕಲ್ಲಿನಿಂದ ಸೀರೆಯವರೂ ಬಂದರು. ಕುಳಗೇರಿ ಕ್ರಾಸಿನ ಬಸ್ಸಿಗೂ ಇಳಕಲ್ಲಿಗೂ ಏನು ಸಂಬಂಧ ಎಂದು ಯಮನೂರ ಕೇಳಬೇಕಿತ್ತು. ಅವನು "ಹೂಂನ್ರಿ" ಅಂದ. ಒಂಬೈನೂರು ಜನ ಸೇರಿದರು. ಅದರಲ್ಲಿ ಬಸ್ಸು ಹತ್ತುವವರು ನೂರು ಇದ್ದರೆ ಹೆಚ್ಚು. ಉಳಿದವರು ಮುಂಜಾನೆ ಎದ್ದು ದೇವರ ಫೋಟೋ ಕಳಿಸಲು ಇದ್ದವರು.

ಆಗ ಬಂದರು ಧರ್ಮರಾಜ ಸರ್. ಬಾಗಲಕೋಟೆಯ ನವನಗರದಲ್ಲಿ ಮನೆ, ಹೆಡ್‌ಮಾಸ್ಟರಾಗಿ ನಿವೃತ್ತಿ. ನಿವೃತ್ತಿಯಾದದ್ದು ಅವರ ಗಮನಕ್ಕೆ ಇನ್ನೂ ಬಂದಿಲ್ಲ. ಗುಂಪಿಗೆ ಶಿಸ್ತು ಬೇಕೆಂದು ಹೇಳಿ ಒಂದನ್ನು ನಾಲ್ಕು ಮಾಡಿಸಿದರು: ಬಸ್ಸಿನ ವೇದಿಕೆ, ಚರ್ಚಾ ವೇದಿಕೆ, ಶುಭಾಶಯ ವೇದಿಕೆ, ವ್ಯಾಪಾರ ವೇದಿಕೆ. ಒಂದು ವೇದಿಕೆಯ ಮಾತನ್ನು ಇನ್ನೊಂದರಲ್ಲಿ ಆಡಬಾರದು. ಮೂರು ಸಲ ತಪ್ಪಿದರೆ ಎಲ್ಲ ವೇದಿಕೆಯಿಂದಲೂ ಹೊರಗೆ. ನಿಯಮ ಬಂದ ದಿನವೇ ಚರ್ಚಾ ವೇದಿಕೆಯಲ್ಲಿ ಕರದಂಟಿನ ರೇಟು ಬಂತು, ವ್ಯಾಪಾರ ವೇದಿಕೆಯಲ್ಲಿ ಯಾರದೋ ಮೊಮ್ಮಗಳ ಹುಟ್ಟುಹಬ್ಬ ನಡೆಯಿತು. ಯಮನೂರ ಪಹಣಿಗೆ ಬಂದವರನ್ನು ನಿಲ್ಲಿಸಿಟ್ಟು ಅಳಿಸುತ್ತ ಕೂತ. ಅಳಿಸಿದಷ್ಟೂ ಬೈಗುಳ ಬಂತು. ಆದರೆ ಒಂದು ಹೇಳಬೇಕು. ಅವನಿಗೆ ಒಳಗೊಳಗೇ ಖುಷಿಯಿತ್ತು. ಹೆಡ್‌ಮಾಸ್ಟರ್ ಒಬ್ಬರು ತನಗೆ ಫೋನ್ ಮಾಡಿ "ಅಡ್ಮಿನ್ನರ" ಎಂದು ಕರೆಯುತ್ತಾರೆ ಎಂಬುದು ಅವನ ತಲೆಗೆ ಏರಿತ್ತು.

ಮುಂದೆ ಸರ್‌ಗೆ ಇನ್ನೊಂದು ಹೊಳೆಯಿತು. ಬಳಗಕ್ಕೆ ಒಂದು ವಾರಪತ್ರಿಕೆ ಬೇಕು, ಫೋನಿನಲ್ಲೇ ಓದುವಂಥದ್ದು. ಒಳಗೆ ಏನಿರುತ್ತದೆ ಎಂದು ನಾನು ಕೇಳಿದೆ.

"ಅದನ್ನ ಆಮ್ಯಾಲೆ ನೋಡೂಣ್ರಿ ಅಕ್ಕೋರ, ಮೊದಲ ಹೆಸರ ಇಡೂಣು" ಅಂದರು ಸರ್.

ಹೆಸರಿಡಿ ಅಂದರೆ ನಮ್ಮ ಜನಕ್ಕೆ ಎಲ್ಲಿಲ್ಲದ ಹುಮ್ಮಸ್ಸು. ಬಾದಾಮಿಯವರು 'ಚಾಲುಕ್ಯ' ಇರಲೇಬೇಕೆಂದರು. ನಮ್ಮೂರಲ್ಲಿ ಹೋಟೆಲ್ಲು, ಟೇಲರ್ ಅಂಗಡಿ, ಕಟಿಂಗ್ ಶಾಪು ಎಲ್ಲಕ್ಕೂ ಅದೇ ಹೆಸರು, ಇದೊಂದನ್ನು ಯಾಕೆ ಬಿಡಬೇಕು? ಇಳಕಲ್ಲಿನ ಸೀರೆ ಅಂಗಡಿಯ ರಾಧಿಕಾ 'ಸೆರಗು' ಅಂದಳು. ಗಂಡಸರೂ ಓದುವ ಪತ್ರಿಕೆ ಅದು ಎಂದು ಸರ್ ಕೆಮ್ಮಿದರು. ಅಮೀನಗಡದವರು 'ಕರದಂಟು' ಅಂದರು, ಜೊತೆಗೆ ತಮ್ಮ ಅಂಗಡಿಯ ಫೋಟೋವನ್ನೂ ಹಾಕಿದರು. ಸರ್ ಮನಸ್ಸಿನಲ್ಲಿ ಇದ್ದದ್ದು 'ಮಂಥನ'. ಸರ್‌ಗೆ ಆಗದವರೆಲ್ಲ ಸೇರಿ 'ಸ್ಪಂದನ' ಅಂದರು. ಹುನಗುಂದದ ಒಬ್ಬರು ಪ್ರತಿ ಹೆಸರಿಗೂ ಹೆಬ್ಬೆಟ್ಟು ಎತ್ತಿದರು. ಯಮನೂರ ಮತದಾನ ಇಟ್ಟ. ಕೊನೆಗೆ ಗೆದ್ದದ್ದು 'ಇತರೆ'. ಇತರೆ ಅಂದರೆ ಯಾವುದು ಎಂದು ತೀರ್ಮಾನಿಸಲು ಐದು ಜನರ ಸಮಿತಿ ಆಯಿತು.

ಈ ಗದ್ದಲದ ನಡುವೆ ಬಾಷಾ ಸಿಕ್ಕಿಬಿದ್ದ. ಅವನಿಗೆ ವೇದಿಕೆ ನಾಲ್ಕಾಗಿದ್ದು ತಲೆಗೇ ಹೋಗಿರಲಿಲ್ಲ. ಚಾಳೀಸಿನ ಕನ್ನಡಕ ಮನೆಯಲ್ಲಿಟ್ಟು ಬರುವವನು; ಫೋನಿನಲ್ಲಿ ಮೇಲೆ ಯಾವುದು ಕಾಣುತ್ತದೋ ಅದನ್ನು ಒತ್ತಿ ಮಾತಾಡುತ್ತಿದ್ದ. ಹೆಸರಿನ ಜಗಳ ಜೋರಾಗಿದ್ದರಿಂದ ಮೇಲೆ ಕಾಣುತ್ತಿದ್ದದ್ದು ಸದಾ ಚರ್ಚಾ ವೇದಿಕೆ. ಸರ್ 'ಮಂಥನ'ದ ಅರ್ಥ ವಿವರಿಸಿ ಉದ್ದಕ್ಕೆ ಬರೆದು ಮುಗಿಸಿದ್ದರು, ಅದರ ಕೆಳಗೇ ಬಾಷಾನ ದನಿ: "ಏ ಹೋತು ಹೋತು, ಕೈ ಮಾಡ್ರಿ, ಹೊಂಟ ಬಿಟ್ಟ!" ಜನ ನಕ್ಕರು. ಮರುದಿನವೂ ಅದೇ, ಅದರ ಮರುದಿನವೂ ಅದೇ. ತಮ್ಮನ್ನು ಬೇಕೆಂದೇ ಅಣಕಿಸುತ್ತಿದ್ದಾನೆ ಎಂದು ಸರ್ ಉರಿದುಬಿದ್ದರು.

ಅವತ್ತು ನಾನು ಝೆರಾಕ್ಸ್ ತೆಗೆಸಲು ಅಂಗಡಿಯಲ್ಲೇ ಇದ್ದೆ. ಸರ್ ಫೋನಿನಲ್ಲಿ ಕೂಗುವುದು ಹೊರಗೆ ಕೇಳುತ್ತಿತ್ತು. "ಮೂರ ಸಲ ಆತು. ತಗದ ಹಾಕ್ರಿ."

"ಸರ್, ಅಂವಗ ತಿಳಿಯಂಗಿಲ್ರಿ. ಮ್ಯಾಲೆ ಕಂಡದ್ದ ಒತ್ತತಾನ್ರಿ."

"ಗೆಳ್ಯಾ ಅಂತ ಬಿಡೂದಾದ್ರ ಅಡ್ಮಿನ್ ಯಾಕ ಬೇಕ್ರಿ? ನಾಳೆ ಮಂದಿ ನಿಮ್ಮ ಮಾತ ಕೇಳ್ತಾರೇನು?"

ಯಮನೂರ ಫೋನ್ ಇಟ್ಟು ರಸ್ತೆಯ ಆಚೆ ನೋಡಿದ. ಬಾಷಾ ಲಾರಿಯ ಗಾಲಿ ಬಿಚ್ಚುತ್ತಿದ್ದ. ಒಂದು ಸಲ ಎದ್ದು ರಸ್ತೆ ದಾಟಿ "ಲೇ, ಇದನ್ನ ಒತ್ತಬ್ಯಾಡ, ಅದನ್ನ ಒತ್ತು" ಅಂದಿದ್ದರೆ ಮುಗಿಯುತ್ತಿತ್ತು. ನಾನೇ ಹಾಗೆಂದೆ. ಅವನು ತಲೆ ತಗ್ಗಿಸಿ ಬೆರಳು ಒತ್ತಿಬಿಟ್ಟ. ಯಮನೂರ ಖಾದರಬಾಷಾನನ್ನು ತೆಗೆದುಹಾಕಿದ್ದಾನೆ ಎಂಬ ಸಾಲು ಒಂಬೈನೂರು ಫೋನುಗಳಲ್ಲಿ ಮೂಡಿತು. ಸರ್ ಕೈಮುಗಿದ ಚಿತ್ರ ಕಳಿಸಿದರು.

ಮರುದಿನ ಮುಂಜಾನೆ ನಾನು ಯಮನೂರನ ಅಂಗಡಿಯ ಮುಂದೆ ನಿಂತಿದ್ದಾಗ ಬಾಷಾ ರಸ್ತೆ ದಾಟಿ ಬಂದ. ಸಿಟ್ಟಿನಿಂದಲ್ಲ. ಫೋನನ್ನು ಕೌಂಟರಿನ ಮೇಲೆ ಇಟ್ಟ.

"ಲೇ ಯಮನ್ಯಾ, ಇದನ್ನೀಟ ನೋಡೊ. ಹೊತ್ತ ಹೊಂಟಾಗಿಂದ ಬಡಕೊಳ್ಳಾಕತ್ತೇನಿ, ವಾಯ್ಸ್ ಹೋಗವಲ್ದು. ಅಲ್ಲಿ ಮಂದಿ ಕಾಯತಿರ್ತೈತಿ."

ಯಮನೂರನ ಮುಖ ನೋಡಲಾಗಲಿಲ್ಲ. "ನೆಟವರ್ಕ್ ಇಲ್ಲೊ ಮಾರಾಯಾ. ಎಲ್ಲಾರದೂ ಹಂಗ ಐತಿ" ಅಂದ.

ಅವನು ಹಾಗನ್ನುವಾಗಲೇ ನನ್ನ ಚೀಲದೊಳಗಿನ ಫೋನು ಟಿಂಗ್ ಟಿಂಗ್ ಎಂದು 'ಸ್ಪಂದನ'ದ ಪರವಾಗಿ ಬಡಿದುಕೊಳ್ಳುತ್ತಿತ್ತು. ಬಾಷಾ ನನ್ನ ಕಡೆ ಒಮ್ಮೆ ನೋಡಿದ, ಆದರೆ ನಂಬಿದ್ದು ಗೆಳೆಯನನ್ನೇ. ಫೋನ್ ಬಂದ್ ಮಾಡಿ, ಚಾಲೂ ಮಾಡಿ, ಬ್ಯಾಟರಿ ಕಡೆ ಊದಿ, ಟೊಂಕದ ಮೇಲೆ ಕೈಯಿಟ್ಟು ಟವರ್ ಕಡೆ ನೋಡಿ ಹೋದ. ಆಮೇಲೆ ಕೆಲವು ದಿನ ಅದೇ ನಡೆಯಿತು. ಬಸ್ಸು ಬಂದಾಗಲೆಲ್ಲ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗುತ್ತಿದ್ದ, ಅದು ಎಲ್ಲಿಗೂ ಹೋಗುತ್ತಿರಲಿಲ್ಲ.

ಮುಂದಿನದನ್ನು ಬಸ್ಸಿನಲ್ಲಿ ನನಗೆ ಹೇಳಿದವಳು ಅವನ ಹೆಂಡತಿ ಅಬೇದಾ. ಕೆರೂರ ಸಂತೆಗೆ ಹೋದಾಗ ಅವನು ಫೋನನ್ನು ರಿಪೇರಿ ಅಂಗಡಿಯ ಜುಬೇರನಿಗೆ ಕೊಟ್ಟ. ಜುಬೇರ ನೋಡಿ, "ಚಾಚಾ, ಫೋನ್ ಛಲೋ ಐತಿ. ನಿಮ್ಮನ್ನ ಗ್ರೂಪಿಂದ ತಗದಾರ" ಅಂದ. ಯಾರು ತೆಗೆದದ್ದು ಎಂದು ಕೇಳಿದ್ದಕ್ಕೆ ಓದಿಯೂ ಹೇಳಿದ.

"ಮನಿಗೆ ಬಂದ ಮಾತಾ ಆಡ್ಲಿಲ್ರಿ ಅಕ್ಕೋರ" ಅಂದಳು ಅಬೇದಾ. "ರೊಟ್ಟಿನೂ ಬ್ಯಾಡ ಅಂದ್ರು. ನಾ ಏನರ ಜಗಳಾ ಆಗೇತೇನ ಅಂತ ಕೇಳಿದ್ನಿ. ಜಗಳಾ ಆಗಿದ್ರ ಛಲೋ ಇತ್ತ ಅಂದ್ರು."

ಬಾಷಾ ಜಗಳಕ್ಕೆ ಬರುತ್ತಾನೆಂದು ಕ್ರಾಸಿನ ಮಂದಿಯೆಲ್ಲ ಕಾದರು. ಅವನು ಬರಲಿಲ್ಲ. ಕೂರುವ ಸ್ಟೂಲನ್ನು ಆ ಕಡೆ ತಿರುಗಿಸಿಕೊಂಡು ಯಮನೂರನ ಅಂಗಡಿಗೆ ಬೆನ್ನು ಮಾಡಿ ಕೂತ, ಅಷ್ಟೇ. ಯಮನೂರ ಒಂದು ಫುಲ್ ಚಹಾ ತರಿಸಿ, ಅರ್ಧ ಕುಡಿದು, ಉಳಿದರ್ಧ ಆರುವವರೆಗೂ ಇಟ್ಟು ಚೆಲ್ಲುತ್ತಿದ್ದ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಆ ಅರ್ಧ ಕಪ್ಪು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ.

ಇತ್ತ ಸಮಿತಿ ಎಲ್ಲರಿಗೂ ಸಮಾಧಾನವಾಗುವಂಥ ಹೆಸರು ಕಂಡುಹಿಡಿಯಿತು: 'ಚಾಲುಕ್ಯ ಸ್ಪಂದನ ಮಂಥನ'. ಯಾರಿಗೂ ಸಮಾಧಾನವಾಗಲಿಲ್ಲ. ಹೆಸರಿಟ್ಟರೆ ಸಾಲದು, ತೊಟ್ಟಿಲ ಕಾರ್ಯವನ್ನೇ ಮಾಡೋಣ ಎಂದು ರಾಧಿಕಾ ಹುರುಪು ಹಚ್ಚಿದಳು. ಒಂದು ಭಾನುವಾರ ಕ್ರಾಸಿನಲ್ಲೇ ಪೆಂಡಾಲು ಬಿತ್ತು. ಇಳಕಲ್ಲಿನಿಂದ ತೊಟ್ಟಿಲೂ ಸೀರೆಯೂ, ಅಮೀನಗಡದಿಂದ ಕರದಂಟೂ ಬಂದವು. ಸರ್ ಪೇಟ ಸುತ್ತಿಕೊಂಡು ಬಂದರು. ಹೊಸ ಬಿಳಿ ಅಂಗಿ ಹಾಕಿದ್ದ ಯಮನೂರನ ಫೋನನ್ನು ತೊಟ್ಟಿಲಲ್ಲಿ ಮಲಗಿಸಿ ಕುಂಕುಮ ಹಚ್ಚಿದರು.

ನಮ್ಮ ಕಡೆ ಹೆಸರಿಡುವಾಗ ಮಗುವಿನ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಅವಳು ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ. ಹಳೇ ಸಿಟ್ಟು ತೀರಿಸಿಕೊಳ್ಳಲು ಅಷ್ಟು ಒಳ್ಳೆಯ ಸಂದರ್ಭ ಇನ್ನೊಂದಿಲ್ಲ. ಒಂಬೈನೂರು ಜನರ ಕೂಸಿಗೆ ಸೋದರತ್ತೆಯಾಗಲು ಯಾವ ಹೆಂಗಸೂ ಮುಂದೆ ಬರಲಿಲ್ಲ. ಎಲ್ಲರೂ ಒಂದೇ ದನಿಯಲ್ಲಿ "ಅಡ್ಮಿನ್ ಮಾಡ್ಲಿ" ಅಂದರು. ಗುಂಪಿನಲ್ಲಿ ಒಮ್ಮತ ಮೂಡಿದ್ದು ಅದೊಂದೇ ಸಲ.

ಯಮನೂರ ಬಗ್ಗಿದ. ಫೋನಿಗೆ ಕಿವಿ ಯಾವ ಕಡೆ ಎಂದು ಸ್ವಲ್ಪ ಚರ್ಚೆಯಾಯಿತು. ಅಷ್ಟರಲ್ಲಿ ಗುದ್ದು ಶುರು. ಸೈಟಿನ ಜಾಹೀರಾತು ಅಳಿಸಿಕೊಂಡವರು, ಗುಡ್ ಮಾರ್ನಿಂಗ್ ಅಳಿಸಿಕೊಂಡವರು, 'ಸೆರಗು' ಸೋತವರು, 'ಕರದಂಟು' ಸೋತವರು, ಎಲ್ಲರೂ ಹಬ್ಬ ಮಾಡಿದರು. ಸರ್ ಕೂಡ ಪೇಟ ಸರಿ ಮಾಡಿಕೊಂಡು ಒಂದು ಹಾಕಿದರು. ನಾನೂ ಒಂದು ಗುದ್ದಿದೆ, ಸುಳ್ಳೇಕೆ ಹೇಳಲಿ.

ಆಗ ಮಂದಿ ಒಮ್ಮೆಲೇ ದಾರಿ ಬಿಟ್ಟಿತು. ಬಾಷಾ ರಸ್ತೆ ದಾಟಿ ಬಂದಿದ್ದ. ಕೈಯಲ್ಲಿನ ಗ್ರೀಸನ್ನೂ ಒರೆಸಿಕೊಂಡಿರಲಿಲ್ಲ. ತೊಟ್ಟಿಲ ಹತ್ತಿರ ನಿಂತು, ಬಗ್ಗಿದ್ದ ಆ ಬೆನ್ನನ್ನು ಒಂದು ಗಳಿಗೆ ನೋಡಿ, ಧಪ್ಪೆಂದು ಒಂದು ಗುದ್ದಿದ. ತೊಟ್ಟಿಲು ಅಲ್ಲಾಡಿತು. ಬಿಳಿ ಅಂಗಿಯ ಮೇಲೆ ಕರೀ ಮುದ್ರೆ ಬಿತ್ತು.

"ಬಾಷಾ" ಅಂದ ಯಮನೂರ, ತಿರುಗಿಯೂ ನೋಡದೆ.

"ಗ್ರೂಪಿಂದ ತಗದಿದ್ದಕ್ಕಲ್ಲಲೇ ಇದು. ಗ್ರೂಪ್ ನಿಂದು, ಇಟ್ಕೊ. ನೆಟವರ್ಕ್ ಇಲ್ಲ ಅಂದೆಲ್ಲ, ಅದಕ್ಕ." ಬಾಷಾ ಗ್ರೀಸಿನ ಕೈಯಿಂದ ಟವರ್ ಕಡೆ ತೋರಿಸಿದ. "ನಾ ಹುಚ್ಚರಂಗ ಟವರ್ ನೋಡ್ಕೊಂತ ಕುಂತಿದ್ನೆಲೊ."

"ಹೆಸರು! ಹೆಸರ ಹೇಳ್ರಿ!" ಎಂದು ಹಿಂದಿನಿಂದ ಸರ್ ಕೂಗಿದರು. ಯಾರೂ ಅವರ ಕಡೆ ತಿರುಗಲಿಲ್ಲ. ಯಮನೂರ ನಿಧಾನಕ್ಕೆ ನೆಟ್ಟಗಾದ. ಕಣ್ಣು ಕೆಂಪಾಗಿದ್ದವು.

"ಸುಳ್ಳ ಹೇಳಿದ್ನಿ ಬಾಷಾ. ನಿನ್ನ ಮಾರಿ ನೋಡಿ ಖರೆ ಹೇಳಾಕ ಧೈರ್ಯ ಆಗಲಿಲ್ಲ."

ಬಾಷಾ ಮೂಗು ಒರೆಸಿಕೊಂಡ. ಮೂಗಿಗೂ ಗ್ರೀಸ್ ಹತ್ತಿತು.

"ಇನ್ನೊಂದ ಹಾಕಲೇನು?"

ಯಮನೂರ ತೊಟ್ಟಿಲಿನ ಮೇಲೆ ಮತ್ತೆ ಬಗ್ಗಿದ.