ಮಗ್ಗ ನಿಂತಾಗ ಏಳುವವರು

ನಮ್ಮ ಬೀದಿಯ ಮಕ್ಕಳು ಸದ್ದಾದರೆ ಏಳುವುದಿಲ್ಲ, ಸದ್ದು ನಿಂತರೆ ಏಳುತ್ತವೆ. ಇದನ್ನು ನಂಬದ ಬಂಧುಗಳು ನಮಗೆ ಬೇಕಾದಷ್ಟಿದ್ದಾರೆ. ಮಗು ಮಲಗಿದೆಯೆಂದು ಅವರು ನಮ್ಮ ಮನೆಯಲ್ಲಿ ತುದಿಗಾಲಲ್ಲಿ ನಡೆಯುತ್ತಾರೆ, ಪಿಸುಮಾತಿನಲ್ಲಿ ಕಾಫಿ ಕೇಳುತ್ತಾರೆ, ಆ ಪಿಸುಮಾತು ನಮಗೆ ಕೇಳಿಸದಿರುವುದರಿಂದ ಕಾಫಿಯಿಲ್ಲದೆ ವಾಪಸು ಹೋಗುತ್ತಾರೆ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮನೆಯ ಗೋಡೆಗೇ ಅಂಟಿಕೊಂಡು ಮಗ್ಗದ ಶೆಡ್ಡು ಇರುತ್ತದೆ. ಹಗಲು ಪಾಳಿ, ರಾತ್ರಿ ಪಾಳಿ ಎರಡೂ ಉಂಟು. ಪವರ್‌ಲೂಮಿನ ಆ ಬಡಿತದಲ್ಲೇ ಕಣ್ಣು ಬಿಟ್ಟ ಕೂಸಿಗೆ ಅದೇ ಜೋಗುಳ. ಕರೆಂಟು ಹೋಗಿ ಮಗ್ಗ ನಿಂತಿತೋ, ಈ ತುದಿಯಿಂದ ಆ ತುದಿಯವರೆಗೆ ತೊಟ್ಟಿಲುಗಳೆಲ್ಲ ಒಟ್ಟಿಗೆ ಕಿರುಚಿಕೊಳ್ಳುತ್ತವೆ. ಫ್ಯಾನಿನ ರೆಕ್ಕೆ ಇನ್ನೂ ಪೂರ್ತಿ ನಿಂತಿರುವುದಿಲ್ಲ.

ಈ ಲೋಕಸತ್ಯವನ್ನು ನಾನು ಯಾವ ಗ್ರಂಥದಲ್ಲೂ ಓದಿದ್ದಲ್ಲ, ಸ್ವಂತ ಮನೆಯಲ್ಲಿ ಕಂಡುಕೊಂಡದ್ದು. ಬದುಕಿನ ಅತಿ ದೊಡ್ಡ ತೀರ್ಮಾನವೊಂದು ಎದುರಾದಾಗ ನಾನು ಇದನ್ನೇ ಬ್ರಹ್ಮಾಸ್ತ್ರದಂತೆ ಹೂಡಿದೆ. ಅದು ಗುರಿ ತಪ್ಪಿದ ಕಥೆಯನ್ನು ಹೇಳಬೇಕಾಗಿದೆ.

ತೀರ್ಮಾನ ಇಷ್ಟೇ: ಐರ್ಲೆಂಡಿಗೆ ಹೋಗುವುದೋ ಬೇಡವೋ. ನನ್ನ ಹೆಂಡತಿ ಮಂಜುಳ ನರ್ಸು. ಒಳ್ಳೆಯ ನರ್ಸು ಎಂದು ರೋಗಿಗಳು ಹೇಳುತ್ತಾರೆ. ಆಸ್ಪತ್ರೆಯವರೂ ಹೇಳುತ್ತಾರೆ, ಹೇಳಿ ಪ್ರತಿ ವರ್ಷ ಗುತ್ತಿಗೆಯನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸುತ್ತಾರೆ. "ಒಂದ್ಸಲನಾದ್ರೂ ಖಾಯಂ ಅನ್ನಿಸ್ಕೋಬೇಕು ಕಣ್ರೀ, ಅದು ಎಲ್ಲೇ ಆಗ್ಲಿ," ಎಂದು ಅವಳು ಒಂದು ಭಾನುವಾರ ಸೊಪ್ಪು ಬಿಡಿಸುತ್ತಾ ಹೇಳಿದಳು. ಖಾಯಂ ಆಗುವುದಕ್ಕೆ ಊರು ಬಿಡಬೇಕಾಗಿ ಬಂದ ಈ ವೈಚಿತ್ರ್ಯವನ್ನು ನಾನು ಇತಿಹಾಸದ ಉಪನ್ಯಾಸಕನ ಗಾಂಭೀರ್ಯದಿಂದ ವಿವರಿಸಲು ಹೊರಟೆ. ಅವಳು ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಗೆ ಅವಳು ಆಗಲೇ ಅರ್ಜಿ ಹಾಕಿಯಾಗಿತ್ತು. ಗಂಡನೂ ಮೂರು ವರ್ಷದ ಮಗಳು ಪುಟ್ಟಿಯೂ ಜೊತೆಗೆ ಹೋಗಬಹುದು. ಆ ಕಾಗದಗಳ ಪ್ರಕಾರ ನನ್ನ ಹುದ್ದೆ 'ಅವಲಂಬಿತ'. ಮನೆಯಲ್ಲಿ ಎಲ್ಲರಿಗೂ ತಿಳಿದಿದ್ದ ಸಂಗತಿಯನ್ನು ಪರದೇಶದ ಸರ್ಕಾರವೊಂದು ಇಷ್ಟು ನೇರವಾಗಿ ಬರೆದದ್ದನ್ನು ನಾನು ಮೊದಲ ಸಲ ಕಂಡೆ.

ನಾನು ಹಳೆಯ ಪದ್ಧತಿಯವನು. ಯಾವುದನ್ನೂ ಪೂರ್ವಪಕ್ಷ ಮಂಡಿಸದೆ ಒಪ್ಪುವುದಿಲ್ಲ. ಚಳಿಯನ್ನು ಎತ್ತಿದೆ, ಸ್ವೆಟರ್ ಎಂಬ ಉತ್ತರ ಬಂತು. ನನ್ನ ಪಿಯು ಕಾಲೇಜಿನ ಕೆಲಸವನ್ನು ಎತ್ತಿದೆ, ದೀರ್ಘ ರಜೆ ಎಂಬ ಉತ್ತರ ಬಂತು. ಆಗ ಮಗುವನ್ನು ಎತ್ತಿದೆ. ದೇವನಹಳ್ಳಿಯ ಹೊಸ ಬಡಾವಣೆಯಲ್ಲಿರುವ ಮಂಜುಳೆಯ ಅಕ್ಕನ ಮನೆಗೆ ನಾವೊಮ್ಮೆ ಹೋಗಿದ್ದಾಗ, ಆ ನಿಶ್ಶಬ್ದದಲ್ಲಿ ಪುಟ್ಟಿ ಮಧ್ಯಾಹ್ನ ಕಣ್ಣು ಮುಚ್ಚಲಿಲ್ಲ. ದೇವನಹಳ್ಳಿಯಲ್ಲೇ ಮಲಗದ ಮಗು ಐರ್ಲೆಂಡಿನಲ್ಲಿ ಮಲಗೀತೇ? ಬೆಳೆಯುವ ಮಗುವಿಗೆ ನಿದ್ದೆ ಮುಖ್ಯವಲ್ಲವೇ? ಈ ಸಲ ಮಂಜುಳ ಪುಟ್ಟಿಯ ಮುಖ ನೋಡಿದಳು. ಗೆದ್ದೆ ಎಂದುಕೊಂಡೆ. ಒಂದೇ ಒಂದು ಮಧ್ಯಾಹ್ನದ ಸಾಕ್ಷ್ಯದ ಮೇಲೆ ಇಡೀ ಸಿದ್ಧಾಂತ ಕಟ್ಟುವುದು ನಮ್ಮ ಇತಿಹಾಸದವರಿಗೆ ಹೊಸದೇನಲ್ಲ.

ಇದೆಲ್ಲ ಗುಟ್ಟಾಗಿ ನಡೆಯುತ್ತಿತ್ತು. ನೇಕಾರರ ಬೀದಿಯ ಗುಟ್ಟಿನ ಸ್ವರೂಪವೇ ಬೇರೆ. ನಾವು ಗುಟ್ಟುಗಳನ್ನು ಗಂಟಲು ಹರಿಯುವಂತೆ ಕೂಗಿ ಹೇಳುತ್ತೇವೆ. ಮಗ್ಗದ ಸದ್ದಿನಲ್ಲಿ ಪಕ್ಕದ ಮನೆಗೆ ಒಂದಕ್ಷರ ಹೋಗುವುದಿಲ್ಲ. ಅಪಾಯ ಇರುವುದು ಒಂದೇ. ಕರೆಂಟು ಹೇಳಿ ಕೇಳಿ ಹೋಗುವುದಿಲ್ಲ. ಕೂಗುತ್ತಿದ್ದ ಬಾಯಿ ಸುಮ್ಮನಾಗುವಷ್ಟರಲ್ಲಿ ಅರ್ಧ ವಾಕ್ಯ ಬೀದಿಯ ಪಾಲಾಗಿರುತ್ತದೆ. ನಮ್ಮಲ್ಲಿ ಎಷ್ಟೋ ಮದುವೆ ಮಾತುಕತೆಗಳು, ಎರಡು ಆಸ್ತಿ ಪಾಲುಪಟ್ಟಿಗಳು ಹೀಗೆಯೇ ಬಯಲಾಗಿವೆ. ನನ್ನ ಸರದಿ ಒಂದು ಬುಧವಾರ ಬಂತು. ಅಡುಗೆಮನೆಯಲ್ಲಿದ್ದ ಮಂಜುಳೆಗೆ ನಾನು ಪಡಸಾಲೆಯಿಂದ ಏನೋ ವಾದಿಸುತ್ತಿದ್ದೆ. ಮಗ್ಗಗಳು ಗಕ್ಕನೆ ನಿಂತವು. ನನ್ನ ದನಿ ಮಾತ್ರ ಇಡೀ ಬೀದಿಯ ಮೇಲೆ ಮೊಳಗಿತು: "ಐರ್ಲೆಂಡ್‌ಗೆ ಹೋಗಿ ನಾನು ಪಾತ್ರೆ ತೊಳೀತಾ ಕೂತ್ಕೋಬೇಕಾ?"

ಪಕ್ಕದ ಶೆಡ್ಡಿನ ಒಡೆಯ ಮುನಿರಾಜು ಸಂಜೆ ಜಗಲಿಯ ಮುಂದೆ ನಿಂತು ಕೇಳಿದ. "ಏನ್ ಮೇಷ್ಟ್ರೇ, ಇಲ್ಲಿ ತೊಳೆಯೋಕೆ ಪಾತ್ರೆ ಸಾಲ್ದಾಯ್ತಾ?"

ಅಲ್ಲಿಂದಾಚೆಗೆ ಸಲಹೆಗಳ ಸುಗ್ಗಿ. ದೇವನಹಳ್ಳಿಯಿಂದ ಎದ್ದ ವಿಮಾನಗಳು ನಮ್ಮ ತಲೆಯ ಮೇಲೆಯೇ ಹೋಗುವುದರಿಂದ, ಪರದೇಶದ ವಿಷಯದಲ್ಲಿ ಇಲ್ಲಿ ಎಲ್ಲರೂ ತಜ್ಞರು. ಕ್ಷೌರದಂಗಡಿಯವನು ಅಲ್ಲಿಯ ತೆರಿಗೆಯನ್ನು ವಿವರಿಸಿದ. ಹಾಲು ಹಾಕುವವನು ಯಾವ ವಿಮಾನ ಹಾರಿದರೂ ತೋರಿಸಿ, "ಸಾರ್, ನಿಮ್ದು ಇದೇನಾ?" ಎಂದ. "ಸುಮ್ನೆ ಹೋಗ್ಬಿಡು ಗುರು, ಯೋಚ್ನೆ ಮಾಡೋರೆಲ್ಲ ಇಲ್ಲೇ ಅವ್ರೆ," ಎಂದು ಕಾಲೇಜಿನ ಸಹೋದ್ಯೋಗಿಯೊಬ್ಬರು ಕೊಟ್ಟ ಸಲಹೆಯಲ್ಲಿ ನನ್ನ ಪೀರಿಯಡ್ಡುಗಳ ಮೇಲಿನ ಕಣ್ಣೂ ಇತ್ತು. ಮುನಿರಾಜುವಿನ ತಾಯಿ ನಂಜಮ್ಮನವರದು ಒಂದೇ ಪ್ರಶ್ನೆ. "ಅಲ್ಲಿ ಹುಣಸೇಹಣ್ಣು ಸಿಕ್ತದೇನಪ್ಪಾ?"

ಆ ಪ್ರಶ್ನೆ ನನ್ನನ್ನು ಬಹಳ ಹಿಂದಕ್ಕೆ ಕರೆದುಕೊಂಡು ಹೋಯಿತು. ನಮ್ಮ ತಂದೆಯ ಕಾಲದವರೆಗೆ ನಮ್ಮ ಮನೆಯಲ್ಲೂ ಮಗ್ಗಗಳಿದ್ದವು. ಅದಕ್ಕೂ ಎಷ್ಟೋ ತಲೆಮಾರು ಹಿಂದೆ ನಮ್ಮವರು ತೆಲುಗು ಸೀಮೆಯಿಂದ ಇಲ್ಲಿಗೆ ಬಂದವರು. ಈಗಲೂ ನಮ್ಮ ಮನೆಗಳಲ್ಲಿ ಲೆಕ್ಕ ಹಾಕುವುದು, ಬೈಯುವುದು ತೆಲುಗಿನಲ್ಲೇ. ಉಳಿದ ಕಡಿಮೆ ಮಹತ್ವದ ವ್ಯವಹಾರಗಳಿಗೆ ಕನ್ನಡ. ನೂಲಿದ್ದಲ್ಲಿಗೆ, ಕೊಳ್ಳುವವರಿದ್ದಲ್ಲಿಗೆ ನೇಕಾರ ಎದ್ದು ನಡೆದಿದ್ದಾನೆ. ಈ ಪಾಠವನ್ನು ನಾನು ವರ್ಷವರ್ಷವೂ ಮಾಡುತ್ತೇನೆ. ಬಂದವರ ಹೆಸರು, ಬಂದ ದಾರಿ, ಕರೆಸಿಕೊಂಡ ಪಾಳೆಯಗಾರ, ಎಲ್ಲವನ್ನೂ ಹೇಳುತ್ತೇನೆ. ಹೊರಡುವ ಹಿಂದಿನ ತಿಂಗಳು ಅವರ ಮನೆಯಲ್ಲಿ ಏನು ನಡೆಯಿತೆಂಬುದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ. ಅಲ್ಲೂ ಒಬ್ಬ ಅವಲಂಬಿತ ಕೂತು ಪೂರ್ವಪಕ್ಷ ಮಂಡಿಸಿರಬೇಕು. ಮಗುವಿಗೆ ಆ ನೀರು ಒಗ್ಗೀತೇ ಎಂದಿರಬೇಕು. ಯಾರೋ ಅಜ್ಜಿ ಹುಣಸೇಹಣ್ಣಿನ ವಿಚಾರ ಎತ್ತಿರಬೇಕು. ಅವನ ವಾದ ಬಿದ್ದುಹೋದದ್ದರಿಂದಲೇ ನಾನು ದೊಡ್ಡಬಳ್ಳಾಪುರದವನಾಗಿ, ಈ ಊರು ಬಿಡಲಾರೆನೆಂದು ಕಂಬ ಹಿಡಿದು ಕೂತಿದ್ದೇನೆ. ಈ ಆಲೋಚನೆ ನನ್ನ ಪಕ್ಷಕ್ಕೆ ಅನುಕೂಲವಾಗಿರಲಿಲ್ಲ. ಆದ್ದರಿಂದ ಮಂಜುಳೆಗೆ ಹೇಳಲಿಲ್ಲ.

ಅಷ್ಟರಲ್ಲಿ ಸಂದರ್ಶನದ ದಿನ ಗೊತ್ತಾಯಿತು. ಕಂಪ್ಯೂಟರಿನ ಮುಂದೆ ಕೂತು ಮಾತಾಡಬೇಕು, ಅಲ್ಲಿಯ ಬೆಳಿಗ್ಗೆ, ನಮ್ಮ ಮಧ್ಯಾಹ್ನ ಎರಡೂವರೆ. ಮಗ್ಗಗಳ ಮಧ್ಯೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುವಂತಿಲ್ಲ. ಕರೆಂಟು ಹೋದಾಗ ಮಾತಾಡೋಣವೆಂದರೆ ಅದು ಯಾವಾಗ ಹೋಗುತ್ತದೆಂದು ಐರ್ಲೆಂಡಿಗೆ ಮುಂಚಿತವಾಗಿ ತಿಳಿಸುವವರು ಯಾರು? ಅಕ್ಕನ ಮನೆಗೆ ಹೋಗೆಂದೆ. "ಅವರತ್ತೆ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ನೋಡ್ತಾರೆ. ನಾನು ನಮ್ಮನೇಲೇ ಕೂತ್ಕೋತೀನಿ," ಎಂದಳು. ಈ ತೊಡಕನ್ನು ನಾನು ಒಳಗೊಳಗೇ ದೈವಸಂಕಲ್ಪವೆಂದು ಭಾವಿಸತೊಡಗಿದ್ದೆ.

ಅದನ್ನು ಕೆಡಿಸಿದವನು ಮುನಿರಾಜು. "ಅರ್ಧ ಗಂಟೆ ತಾನೆ? ನಿಲ್ಸಿದ್ರಾಯ್ತು ಬಿಡಿ ಮೇಷ್ಟ್ರೇ."

"ನಿನ್ನ ಮಗ್ಗ ನಿಲ್ಲಿಸ್ತೀಯ. ಬೀದಿ ಮಗ್ಗ ಎಲ್ಲಾ ನಿಲ್ಲಿಸ್ತೀಯೇನಯ್ಯಾ?"

"ನಿಮಗೋಸ್ಕರ ಅಂದ್ರೆ ಯಾವನೂ ನಿಲ್ಸಲ್ಲ, ಅದು ಬೇರೆ ಮಾತು. ಮಂಜಕ್ಕಂಗೆ ಅಂತೀನಿ."

ಬೀದಿಯ ಅರ್ಧದಷ್ಟು ತೋಳುಗಳು ಮಂಜುಳೆಯ ಕೈಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡಿವೆ.

ಆ ದಿನ ಎರಡೂವರೆಗೆ ಒಂದೊಂದೇ ಶೆಡ್ಡು ಸುಮ್ಮನಾಗುತ್ತಾ ಬಂತು. ತಲೆಯ ಮೇಲೆ ಫ್ಯಾನು ಮಾತ್ರ ತಿರುಗುತ್ತಿತ್ತು. ಕರೆಂಟು ಇದ್ದೂ ಮಗ್ಗ ನಿಲ್ಲುವುದು ನಮ್ಮ ಬೀದಿಯಲ್ಲಿ ಸಾವಾದಾಗ ಮಾತ್ರ. ಹೀಗಾಗಿ ಮುನ್ಸೂಚನೆ ತಲುಪದ ಮನೆಗಳವರು ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ಹೊರಗೆ ಬಂದರು. ಮುನಿರಾಜು ತನ್ನ ತಾಯಿಗೇ ಹೇಳಲು ಮರೆತಿದ್ದನೆಂದು ಕಾಣುತ್ತದೆ. ನಂಜಮ್ಮನವರು ಗೇಟಿನ ಹತ್ತಿರ ನಿಂತಿದ್ದ ನನ್ನನ್ನು ಕಂಡು ತಗ್ಗಿದ ದನಿಯಲ್ಲಿ, "ಯಾರ್ ಮನೇಲಪ್ಪಾ?" ಎಂದರು.

"ನಮ್ಮನೇಲೇ ಅಮ್ಮಾ. ಮಂಜುಳಂಗೆ ಇಂಟರ್‌ವ್ಯೂ."

"ಅಯ್ಯೋ ಶಿವನೇ, ನಿನ್ನೆ ಚೆನ್ನಾಗಿದ್ಲಲ್ಲಪ್ಪಾ!" ಎಂದು ಅವರು ಬಾಯಿಗೆ ಸೆರಗು ಹಚ್ಚಿದರು.

ನಾನು ವಿವರಿಸುವ ಮೊದಲೇ ಬೀದಿಯ ಅಷ್ಟೂ ಮಕ್ಕಳು ಎದ್ದು ಅರಚತೊಡಗಿದವು. ಯಂತ್ರಗಳನ್ನು ನಿಲ್ಲಿಸಲು ನೆನಪಿಟ್ಟುಕೊಂಡ ಪುಣ್ಯಾತ್ಮರು ಯಾರೂ ಇದನ್ನು ಯೋಚಿಸಿರಲಿಲ್ಲ. ಈ ಶಾಸ್ತ್ರದ ಕರ್ತೃವಾದ ನಾನೂ ಯೋಚಿಸಿರಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿದ್ದ ಪುಟ್ಟಿ ಎದ್ದು, ನಾನು ಒಳಗೆ ಓಡುವಷ್ಟರಲ್ಲಿ ಮಂಜುಳೆಯ ಮುಂದೆ ನಿಂತಿದ್ದಳು. "ಅಮ್ಮಾ, ಕರೆಂಟ್ ಹೋಯ್ತಾ?"

ತೆರೆಯ ಮೇಲೆ ಇಬ್ಬರು ಹೆಂಗಸರು. ಅವರಲ್ಲಿ ಬೆಳ್ಳಗೂದಲಿನ ಹಿರಿಯ ನರ್ಸು, ಮಗು ಏನು ಕೇಳುತ್ತಿದೆ ಎಂದರು. ಮಂಜುಳ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು: ಇದು ಮಗ್ಗಗಳ ಬೀದಿ, ನನಗಾಗಿ ನಿಲ್ಲಿಸಿದ್ದಾರೆ, ಅದಕ್ಕೇ ಮಕ್ಕಳು ಎದ್ದಿವೆ. ಆ ಹಿರಿಯಾಕೆ ನಕ್ಕು, ಧೈರ್ಯ ತುಂಬುವಂತೆ, ನಮ್ಮೂರಲ್ಲಿ ಆ ತೊಂದರೆಯಿಲ್ಲ, ಕುರಿ ಮತ್ತು ಗಾಳಿ ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ ಎಂದರು. ಬಾಗಿಲ ಮರೆಯಲ್ಲಿದ್ದ ನಾನು ಇದೇ ನನ್ನ ಸಾಕ್ಷ್ಯ ಎಂದು ಎದ್ದುನಿಂತೆ. ಮಂಜುಳ ಮಾತ್ರ ನಮ್ಮ ಕಡೆಯವರು ಸದ್ದಿನ ಮನೆಗೆ ಬಾಡಿಗೆಗೆ ಬರುವಾಗ ಹೇಳುವಂತೆ, ಪರವಾಗಿಲ್ಲ, ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ ಎಂದಳು. ಇಂಗ್ಲಿಷಿನಲ್ಲಿ.

ಪುಟ್ಟಿ ಅವಳ ಮಡಿಲು ಹತ್ತಿದಳು. ಸ್ವಲ್ಪ ಹೊತ್ತು ಆ ಮೌನವನ್ನು ಪರೀಕ್ಷಿಸುವವಳಂತೆ ಅತ್ತ ಇತ್ತ ನೋಡಿದಳು. ಆಮೇಲೆ ತಾಯಿಯ ಭುಜಕ್ಕೆ ಕೆನ್ನೆ ಹಚ್ಚಿ ಗಡದ್ದಾಗಿ ನಿದ್ದೆ ಹೋದಳು. ಗಾಯ ಕಟ್ಟುವ ಬಗೆ, ಔಷಧ ಕೊಡುವ ಬಗೆ ಎಂದು ತಾಯಿ ಉತ್ತರಿಸುತ್ತಲೇ ಇದ್ದಳು, ಮಗು ಮಲಗಿಯೇ ಇತ್ತು. ಬೀದಿಯ ಉಳಿದ ಮಕ್ಕಳ ಅಳುವೂ ಅಡಗಿತು.

ಅಡಗದೆ ಉಳಿದವನು ನಾನೊಬ್ಬನೇ. ನೀರು ಕುಡಿದೆ, ಕಿಟಕಿ ತೆರೆದೆ, ಮುಚ್ಚಿದೆ, ಗೇಟಿಗೆ ಹೋದೆ, ಬಂದೆ. ನನ್ನ ಚಪ್ಪಲಿಯ ಸದ್ದು ನನಗೇ ಕೇಳಿಸುತ್ತಿತ್ತು. ಅದು ಇಷ್ಟೊಂದು ಅಳುಕಿನ ಸದ್ದೆಂದು ನಾಲ್ಕು ದಶಕದಲ್ಲಿ ನನಗೆ ಗೊತ್ತಿರಲಿಲ್ಲ. ಮೌನವನ್ನು ಅರಸಿ ಋಷಿಗಳು ಕಾಡಿಗೆ ಹೋದರೆಂದು ಕೇಳಿದ್ದೇವೆ. ಅವರಲ್ಲಿ ಎಷ್ಟು ಮಂದಿ ಮೊದಲನೆಯ ದಿನವೇ ವಾಪಸು ಬಂದರೆಂಬುದನ್ನು ಯಾರೂ ಬರೆದಿಡಲಿಲ್ಲ.

ಸಂದರ್ಶನ ಮುಗಿದು ಮಗ್ಗಗಳು ಮತ್ತೆ ಬಡಿಯಲು ಶುರುವಾದವು. ಆಗ ನಾನು ಎಣಿಸಿರದ ಒಂದು ಘಟನೆ ನಡೆಯಿತು. ಪುಟ್ಟಿ ಮತ್ತೆ ಬೆಚ್ಚಿ ಎದ್ದಳು! ಹುಟ್ಟಿದಂದಿನಿಂದ ಕೇಳಿದ ಸದ್ದಿಗೇ ಕಣ್ಣು ಪಿಳಿಪಿಳಿ ಬಿಟ್ಟು, ಮುಖ ಗಂಟಿಕ್ಕಿ, ಮತ್ತೆ ಮಲಗಿದಳು.

ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಮಕ್ಕಳು ಸದ್ದಿಗೂ ಏಳುವುದಿಲ್ಲ, ಮೌನಕ್ಕೂ ಏಳುವುದಿಲ್ಲ, ಬದಲಾದದ್ದಕ್ಕೆ ಏಳುತ್ತವೆ. ಎದ್ದು ಒಮ್ಮೆ ನೋಡಿ, ಅಮ್ಮ ಇದ್ದಾಳೆಂದು ಗೊತ್ತಾದರೆ ಮತ್ತೆ ಮಲಗುತ್ತವೆ. ದೇವನಹಳ್ಳಿಯಲ್ಲಿ ಆ ಮಧ್ಯಾಹ್ನ ಮಂಜುಳ ಅಕ್ಕನ ಜೊತೆ ಸೀರೆ ಅಂಗಡಿಗೆ ಹೋಗಿದ್ದಳು, ಮಗುವನ್ನು ತಟ್ಟುತ್ತಿದ್ದವನು ನಾನು ಎಂಬ ಸಣ್ಣ ವಿವರ ಆಗ ನೆನಪಾಯಿತು. ಇಷ್ಟು ದಿನ ನಾನು ಮಗುವಿನ ನಿದ್ದೆಯನ್ನು ಮುಂದಿಟ್ಟುಕೊಂಡು ನನ್ನ ನಿದ್ದೆಯ ಪರ ವಕಾಲತ್ತು ಮಾಡಿದ್ದೆ.

ಕೆಲಸ ಸಿಕ್ಕಿತು, ಒಪ್ಪಿಗೆ ತಿಳಿಸಬೇಕೆಂದು ಪತ್ರವೂ ಬಂತು. ನಾನು ಗಂಟಲು ಸರಿಮಾಡಿಕೊಂಡು, ಎಲ್ಲ ಪಕ್ಷಗಳನ್ನೂ ಪರಾಮರ್ಶಿಸಿದ ಮೇಲೆ ಹೋಗುವುದೇ ಸೂಕ್ತವೆಂದು ತೋರುತ್ತದೆ ಎಂದೆ. ಮಂಜುಳ ತಲೆ ಎತ್ತಲಿಲ್ಲ.

"ನಾನು ಮೊನ್ನೇನೇ ಒಪ್ಪಿಗೆ ಕಳಿಸ್ದೆ ಕಣ್ರೀ. ನೀವೂ ಬಂದು ಸೇರ್ಕೊಳ್ಳಿ ಅಂತ ಕಾಯ್ತಾ ಇದ್ದೆ."

ಹೊರಡುವುದು ಯುಗಾದಿ ಕಳೆದ ಮೇಲೆ. ಸಾಮಾನು ಕಟ್ಟುವ ಈ ಗಡಿಬಿಡಿಯಲ್ಲಿ ನಾನು ಕೈಗೊಂಡ ಏಕೈಕ ಸ್ವತಂತ್ರ ಕಾರ್ಯವೆಂದರೆ, ಮುನಿರಾಜುವಿನ ಶೆಡ್ಡಿನಲ್ಲಿ ಮೊಬೈಲು ಇಟ್ಟು ಮಗ್ಗದ ಸದ್ದನ್ನು ಧ್ವನಿಮುದ್ರಣ ಮಾಡಿಕೊಂಡದ್ದು. ಅಧಿಕೃತವಾಗಿ ಅದು ಮಗುವಿಗೆ. "ಆಗ್ಲಿ ಬಿಡಿ ಮೇಷ್ಟ್ರೇ," ಎಂದ ಮುನಿರಾಜು, "ನಮ್ ಸೀರೆಯಂತೂ ಫಾರಿನ್‌ಗೆ ಹೋಗ್ಲಿಲ್ಲ, ಸದ್ದಾದ್ರೂ ಹೋಗ್ಲಿ."

ಮನೆಗೆ ತಂದು ಕೇಳಿದೆ. ಬಹಳ ಹೊತ್ತು ಬರೀ ಬಡಿತ. ನಡುವೆ ಒಂದು ಕಡೆ ಕರೆಂಟು ಹೋಗಿದೆ. ಮಗ್ಗಗಳು ಗಕ್ಕನೆ ನಿಲ್ಲುತ್ತವೆ. ಆ ನಿಶ್ಶಬ್ದದಲ್ಲಿ ಮುನಿರಾಜು ಹೆಂಡತಿಗೆ ಕೂಗಿ ಹೇಳುತ್ತಿದ್ದ ಮಾತಿನ ಬಾಲ ಸ್ಪಷ್ಟವಾಗಿ ಸಿಕ್ಕಿಕೊಂಡಿದೆ: "...ಇನ್ನು ಆ ಮನೆಗೆ ಯಾವನ್ ಬರ್ತಾನೋ ಏನೋ! ಈವಯ್ಯ ಬಾಯಿಬಡುಕ ಆದ್ರೂ, ಒಂದಿನಾನೂ ಸದ್ದು ಅಂತ ಅಂದಿಲ್ಲ ಕಣೇ."

ಅದನ್ನು ಕತ್ತರಿಸಬಹುದಂತೆ, ಮೊಬೈಲಿನಲ್ಲೇ ಸಾಧ್ಯವಂತೆ. ನಾನು ಕತ್ತರಿಸಿಲ್ಲ. ಇನ್ನು ಕೆಲವು ತಿಂಗಳಲ್ಲಿ, ಕುರಿ ಮತ್ತು ಗಾಳಿಯ ಆ ಊರಿನಲ್ಲಿ, ಯಾವುದೋ ಮಧ್ಯಾಹ್ನ ಇದನ್ನು ಹಾಕಿಕೊಂಡು ಮನೆಯವರೆಲ್ಲ ಮಲಗಿರುತ್ತೇವೆ. ಮೊಬೈಲಿನೊಳಗಿನ ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಗುತ್ತದೆ. ಆಗ ಎದ್ದು ಕೂರುವುದು ಮಗುವಂತೂ ಅಲ್ಲ.